ಹದಿನಾಲ್ಕು ಬ್ಯಾಂಕುಗಳೂ ಒಂದು ಟಿಪ್ಪಣಿಯೂ

1969ರ ಜುಲೈ 19ರಂದು ಸರ್ಕಾರವು 14 ಖಾಸಗಿ ಬ್ಯಾಂಕುಗಳನ್ನು ಸ್ವಾಧೀನಪಡಿಸಿಕೊಂಡುದು ದರಿದ್ರನಾರಾಯಣನ ಸೇವೆಗಾಗಿಯೇ ಎಂಬ ಪ್ರತೀತಿಯು ನಮ್ಮಲ್ಲಿ ಎಷ್ಟು ಗಾಢವಾಗಿ ಬೇರೂರಿದೆಯೆಂದರೆ, ಅದನ್ನು ಶಂಕಿಸುವವನು ಬಡವರ ವೈರಿಯೆನಿಸಿಕೊಳ್ಳಬೇಕಾಗುತ್ತದೆ. ಆ ಕೀರ್ತಿ ಅರ್ಹತೆಯನ್ನು ಮೀರಿದುದೆಂದೇ ನನ್ನ ಮತ.

ಬೆಂಗಳೂರಿನ ಕಾಂಗ್ರೆಸ್ ಅಧಿವೇಶನದ ಅಂತಃಕಲಹ, ರಾಷ್ಟ್ರಪತಿ ಪದವಿಗೆ ಸಂಜೀವ ರೆಡ್ಡಿಯವರ ಉಮೇದುವಾರಿಕೆ, 16ರಂದು ಮೊರಾರ್ಜಿ ದೇಸಾಯಿಯವರ ಕೈತಪ್ಪಿದ ಅರ್ಥಖಾತೆ, ಇವೆಲ್ಲ ವಾಚಕರಿಗೆ ವಿದಿತವೇ. ಪರಾಮರ್ಶೆಗೆ ಅರ್ಹವಾದುದು ಆ ಅಧಿವೇಶನಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರು ಕಳುಹಿಸಿದ ಟಿಪ್ಪಣಿ. ಅದರಲ್ಲಿ ಐದಾರು ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣವು ಒಂದು ಮಾರ್ಗ. ಬ್ಯಾಂಕುಗಳ ಹಣದ ಹೆಚ್ಚಿನ ಪಾಲನ್ನು ಸಾರ್ವಜನಿಕ ಕಾರ್ಯಗಳಿಗೆ ಮೀಸಲಿಡುವಂತೆ ನಿರ್ದೇಶಿಸುವುದು ಇನ್ನೊಂದು. ಹದಿನೈದು ದಿನ ತುಂಬುವ ಮೊದಲೇ ಎರಡನೆಯ ಮಾರ್ಗವು ಅಳಿಸಿಹೋಗಿ, ಮೊದಲನೆಯದರ ಐದಾರು 14 ಆಯಿತು. ಅಷ್ಟರಲ್ಲಿ ದೇಶದ ಅರ್ಥಸ್ಥಿತಿ ಬದಲಾಗಿರಲಿಲ್ಲ. ಬದಲಾದುದು ಪಕ್ಷದೊಳಗಣ ಬಲಾಬಲ. ಬ್ಯಾಂಕುಗಳ ಮೇಲಣ ಸಾಮಾಜಿಕ ನಿಯಂತ್ರಣದ ಶಾಸನವು ಜಾರಿಗೆ ಬಂದು ಆರು ತಿಂಗಳೂ ಆಗಿರದಿರುವಾಗ, ಅದರ ಫಲವನ್ನು ಕಾಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ.

ದೊಡ್ಡ ಉದ್ಯಮಪತಿಗಳು ಬ್ಯಾಂಕುಗಳನ್ನು ಸ್ವಂತ ಬೊಕ್ಕಸ ಮಾಡಿಕೊಂಡಿದ್ದಾರೆಂಬುದು ಆರೋಪ. ಆಯ್ಕೆಗೆ ಇಟ್ಟ ಅಳತೆಯಾದರೋ 50 ಕೋಟಿ ರೂಪಾಯಿ ಠೇವಣಿ. ಅಪರಾಧಕ್ಕೂ ಗಾತ್ರಕ್ಕೂ ಏನು ಸಂಬಂಧ? 1928ರಿಂದ ಪಿಗ್ಮಿ ಏಜೆಂಟರನ್ನು ಮನೆಮನೆಗೆ ಅಟ್ಟಿ ದಿನಕ್ಕೆರಡಾಣೆಯನ್ನು ಕೂಡಿಸಿ ಬೆಳೆದ ಉಡುಪಿಯ ಸಿಂಡಿಕೇಟ್ ಬ್ಯಾಂಕು, ಟಾಟಾ ಬಿರ್ಲಾಗಳ ನೆರಳಿನ ಬ್ಯಾಂಕುಗಳೊಡನೆ ಒಂದೇ ಪಟ್ಟಿಗೆ ಸೇರಿತು. ವಿದೇಶೀ ಬ್ಯಾಂಕುಗಳು ಹೊರಗುಳಿದುವು. ಟಿಪ್ಪಣಿಯ ಐದಾರಕ್ಕೇ ನಿಂತಿದ್ದರೆ ಸಿಂಡಿಕೇಟಿಗೆ ಈ ಗತಿ ಬರುತ್ತಿರಲಿಲ್ಲ.

ಫಲವನ್ನು ನೋಡಿ ಉದ್ದೇಶವನ್ನು ಅಳೆಯುವ ವಿಮರ್ಶಕರೊಡನೆ ನನ್ನ ವಿವಾದವಿರುವುದು ಇಲ್ಲಿಯೇ. ಅರಸೀಕೆರೆಯ ತೆಂಗಿನ ತೋಟದವನು ಕೊಬ್ಬರಿ ಮಂಡಿಯ ಸಾಹುಕಾರನ ಮುಂಗಡಕ್ಕೆ ಕೈಯೊಡ್ಡುವುದು ಕಡಿಮೆಯಾಯಿತು, ಬೇಲೂರಿನ ಕಾಫಿ ಬೆಳೆಗಾರನಿಗೂ ಹಳೇಬೀಡಿನ ಸಣ್ಣ ಹಿಡುವಳಿದಾರನಿಗೂ ಬ್ಯಾಂಕಿನ ಬಾಗಿಲು ತೆರೆಯಿತು ಎನ್ನುತ್ತಾರೆ. ಈ ಉಪಕಾರವನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಮಂಡಿಯ ಋಣದಿಂದ ರೈತನು ಬಿಡುಗಡೆ ಹೊಂದುವುದಕ್ಕಿಂತ ಹಿರಿದಾದುದು ಗ್ರಾಮಾರ್ಥಶಾಸ್ತ್ರದಲ್ಲಿ ಮತ್ತೇನಿದೆ? ಆದರೆ ಹೊಸ ಶಾಖೆಗಳಿಗೆ ಅನುಜ್ಞೆ ಕೊಡುವ ಅಧಿಕಾರವು 1949ರ ಶಾಸನದಿಂದಲೇ ರಿಸರ್ವ್ ಬ್ಯಾಂಕಿನ ಕೈಯಲ್ಲಿತ್ತು. ನಗರಕ್ಕೊಂದು ಶಾಖೆ ಬೇಕಾದರೆ ಹೋಬಳಿಗೊಂದು ತೆರೆಯಿರಿ ಎಂದು ವಿಧಿಸುವುದಕ್ಕೆ ಒಡೆತನವೇಕೆ ಬೇಕಾಗಿತ್ತು? ಈ ಪ್ರಶ್ನೆಗೆ ಅವರು ಉತ್ತರಿಸದೆ ಶಾಖೆಗಳ ಸಂಖ್ಯೆಯನ್ನೇ ಮತ್ತೆ ಮತ್ತೆ ಪಠಿಸುತ್ತಾರೆ.

1970ರ ಫೆಬ್ರುವರಿ 10ರಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಕರಣವನ್ನು ಪ್ರಶ್ನಿಸಿದ ಕೂಪರ್ ಮೊಕದ್ದಮೆಯಲ್ಲಿ ರಾಷ್ಟ್ರೀಕರಣದ ಶಾಸನವನ್ನು ರದ್ದುಗೊಳಿಸುತ್ತ, ಪರಿಹಾರದ ಕ್ರಮದೊಡನೆ ಈ 14 ಬ್ಯಾಂಕುಗಳ ವಿಷಯದ ಪಕ್ಷಪಾತವನ್ನೂ ಎತ್ತಿ ತೋರಿಸಿತು. ನಾಲ್ಕೇ ದಿನಗಳಲ್ಲಿ ಹೊಸ ಸುಗ್ರೀವಾಜ್ಞೆ ಹೊರಟಿತು. ಪರಿಹಾರದ ವಿಧಾನವನ್ನು ತಿದ್ದಲಾಗಿತ್ತು. ಪಟ್ಟಿಯಲ್ಲಿ ಅವೇ 14 ಹೆಸರುಗಳಿದ್ದುವು.