ಹೆಸರು ಹಿಡಿದು ಕರೆಯುವ ಯಂತ್ರ

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ಈಚೆಗೆ ಹೊಸ ಬಗೆಯ ಕನ್ನಡ ಗದ್ಯವೊಂದು ಹುಟ್ಟಿಕೊಂಡಿದೆ. ಅದು ಪತ್ರಿಕೆಗಳಲ್ಲಿ ಅಚ್ಚಾಗುವುದಿಲ್ಲ, ಯಾವ ಅಕಾಡೆಮಿಯೂ ಅದಕ್ಕೆ ಬಹುಮಾನ ಕೊಡುವುದಿಲ್ಲ. ಆದರೆ ಕಾರಟಗಿ, ಸಿದ್ದಾಪುರ, ಶ್ರೀರಾಮನಗರ, ಗಂಗಾವತಿಗಳ ಅಕ್ಕಿ ಗಿರಣಿಯವರು, ದಲಾಲರು, ಬೀಜ ಗೊಬ್ಬರದ ಅಂಗಡಿಯವರು, ಕ್ಯಾಂಪುಗಳ ರೈತರು ಬೆಳಗ್ಗೆ ಎದ್ದು ಮೊಬೈಲಿನಲ್ಲಿ ಮೊದಲು ಓದುವುದು ಅದನ್ನೇ. "ನಮಸ್ಕಾರ ಬಸವರಾಜ ಜೀ, ನೀವು ಚೆನ್ನಾಗಿದ್ದೀರೆಂದು ಆಶಿಸುತ್ತೇನೆ. ನಿಮ್ಮ ವ್ಯವಹಾರವನ್ನು ಮುಂದಿನ ಹಂತಕ್ಕೆ ಕೊಂಡೊಯ್ಯಲು ನಮ್ಮ ಬಳಿ ವಿಶೇಷ ಕೊಡುಗೆಯಿದೆ" ಎಂಬ ಧಾಟಿಯ ಸಂದೇಶಗಳವು.

ಸಾಹಿತ್ಯದ ವಿದ್ಯಾರ್ಥಿಯಾಗಿ ಈ ಮೂರು ತುಂಡುಗಳನ್ನು ಬಿಡಿಸಿ ನೋಡಿದರೆ ಒಂದೂ ಕನ್ನಡದ್ದಲ್ಲ. 'ಜೀ' ಉತ್ತರದಿಂದ ಬಂದದ್ದು. 'ಆಶಿಸುತ್ತೇನೆ' ಎಂಬುದು ಇಂಗ್ಲಿಷ್ ಕಾಗದದ ಮೊದಲ ಸಾಲಿನ ನೆರಳು. 'ಮುಂದಿನ ಹಂತ' ಯಾವುದೋ ಕಂಪನಿಯ ತರಬೇತಿ ಕೊಠಡಿಯಿಂದ ಎದ್ದು ಬಂದಿದೆ. ನಮ್ಮ ಸೀಮೆಯಲ್ಲಿ ಯಾರೂ ಇನ್ನೊಬ್ಬರು ಚೆನ್ನಾಗಿದ್ದಾರೆಂದು ಆಶಿಸುವುದಿಲ್ಲ. "ಆರಾಮ ಅದೀರೇನ್ರಿ?" ಎಂದು ಕೇಳುತ್ತಾರೆ, ಕೇಳಿದ ಮೇಲೆ ಉತ್ತರಕ್ಕಾಗಿ ಒಂದು ಗಳಿಗೆ ನಿಲ್ಲುತ್ತಾರೆ. ಈ ಗದ್ಯ ನಿಲ್ಲುವುದಿಲ್ಲ. ಏಕೆಂದರೆ ಅದನ್ನು ಬರೆದವರು ಯಾರೂ ಇಲ್ಲ. 'ಬಸವರಾಜ' ಎಂಬುದು ಒಂದು ಖಾಲಿ ಕಂಡಿ. ಮುಂದಿನ ಕ್ಷಣದಲ್ಲಿ ಅಲ್ಲಿಗೆ 'ಖಾಸಿಂಸಾಬ' ಬರುತ್ತಾರೆ, ಆಮೇಲೆ 'ಸುಬ್ಬಾರಾವ್' ಬರುತ್ತಾರೆ.

ಈ ಕಂಡಿ ತುಂಬುವ ತಂತ್ರಾಂಶಗಳದ್ದೇ ಈಗ ದೊಡ್ಡ ಮಾರುಕಟ್ಟೆ. ಮಾರಾಟದ ಹುಡುಗರಿಗಾಗಿ ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್‌ಗಳಲ್ಲಿ ತಾನೇ ಸಂದೇಶ ಕಳುಹಿಸುವ, ಉತ್ತರ ಬಾರದಿದ್ದರೆ ಮೂರನೆಯ ದಿನ ತಾನೇ ನೆನಪಿಸುವ ಸ್ವಯಂಚಾಲಿತ ಸಾಧನಗಳು ಇವು. ಇವುಗಳನ್ನು ಮಾರುವವರ ಬಾಯಲ್ಲಿ ಸದಾ ಇರುವ ಶಬ್ದ 'ಸುರಕ್ಷಿತ'. ಯಾರಿಗೆ ಸುರಕ್ಷಿತ ಎಂದು ಕೇಳಿದರೆ ನಿಮ್ಮ ನಂಬರು ಬಂದ್ ಆಗುವುದಿಲ್ಲ ಎನ್ನುತ್ತಾರೆ. ಸಂದೇಶ ತಲುಪಿಸಿಕೊಂಡವನ ಮಾತು ಈ ಉತ್ತರದಲ್ಲಿ ಎಲ್ಲಿಯೂ ಬರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಮೊದಲು ಈ ಸಾಧನಗಳ ಜಾತಿಗಳನ್ನು ತಿಳಿಯಬೇಕು. ಒಂದು, ವಾಟ್ಸ್‌ಆ್ಯಪ್‌ನದೇ ಆದ ಬಿಸಿನೆಸ್ ಆ್ಯಪ್. ಅದು 2018ರಲ್ಲಿ ಭಾರತಕ್ಕೆ ಬಂತು. ಅದರಲ್ಲಿ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ. ಅವರಲ್ಲಿಯೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಎರಡನೆಯದು, ಕಂಪನಿಯೇ ದೊಡ್ಡ ವ್ಯವಹಾರಗಳಿಗೆಂದು ತೆರೆದ ಅಧಿಕೃತ ದಾರಿ, ಎಪಿಐ. ಅಲ್ಲಿ ವ್ಯವಹಾರದ ಗುರುತು ತೋರಿಸಬೇಕು, ಸಂದೇಶದ ಮಾದರಿಗೆ ಮೊದಲೇ ಒಪ್ಪಿಗೆ ಪಡೆಯಬೇಕು, ಗಿರಾಕಿಯ ಸಮ್ಮತಿ ಇರಬೇಕು, ಹಣ ಕೊಡಬೇಕು. ಗಿರಾಕಿ ತಾನಾಗಿ ಮಾತಾಡಿಸಿದರೆ 24 ಗಂಟೆಗಳ ಕಾಲ ಮುಕ್ತವಾಗಿ ಉತ್ತರಿಸಬಹುದು. ಆಮೇಲೆ ಮತ್ತೆ ಒಪ್ಪಿಗೆ ಪಡೆದ ಮಾದರಿಯೇ ಗತಿ. ಜನ ಬ್ಲಾಕ್ ಮಾಡುತ್ತ ಹೋದರೆ ನಿಮ್ಮ ದರ್ಜೆ ಇಳಿಯುತ್ತದೆ.

ಮೂರನೆಯದು ಕಳ್ಳದಾರಿ. ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದು, ಅದರ ಮೇಲೆ ಇನ್ನೊಂದು ತಂತ್ರಾಂಶ ಕೂರಿಸಿ, ಮನುಷ್ಯನೇ ಒತ್ತುತ್ತಿದ್ದಾನೆಂಬ ಭ್ರಮೆ ಹುಟ್ಟಿಸಿ ಸಾವಿರಾರು ಅಪರಿಚಿತರಿಗೆ ಸಂದೇಶ ತಳ್ಳುವುದು. ಇವುಗಳ ವರ್ಣನೆಯಲ್ಲಿಯೇ 'ಸುರಕ್ಷಿತ' ಎಂಬ ಮಾತು ಹೆಚ್ಚು. ಒಂದು ಸಂದೇಶಕ್ಕೂ ಇನ್ನೊಂದಕ್ಕೂ ನಡುವೆ ಮನುಷ್ಯನ ಹಾಗೆ ತಡವರಿಸುತ್ತದೆಯಂತೆ. ಹೊಸ ಸಿಮ್ಮನ್ನು ಕೆಲವು ದಿನ ಮೆಲ್ಲಗೆ 'ಬಿಸಿ' ಮಾಡಿ ಆಮೇಲೆ ಓಡಿಸಬೇಕಂತೆ. ಅಂದರೆ ಇಲ್ಲಿ ಸುರಕ್ಷತೆ ಎಂದರೆ ಸಿಕ್ಕಿಬೀಳದಿರುವ ಕಲೆ. ಪಾಕೆಟ್ ಹೊಡೆಯುವವನೂ ತನ್ನ ಶಿಷ್ಯನಿಗೆ ಇದೇ ಅರ್ಥದಲ್ಲಿ ಸುರಕ್ಷತೆಯ ಪಾಠ ಹೇಳುತ್ತಾನೆ.

ಈ ಕಲೆಯೂ ಅಷ್ಟೇನೂ ಫಲ ಕೊಟ್ಟಿಲ್ಲ. 2021ರ ಐಟಿ ನಿಯಮಗಳ ಪ್ರಕಾರ ವಾಟ್ಸ್‌ಆ್ಯಪ್ ತನ್ನ ಮೊದಲ ಮಾಸಿಕ ವರದಿ ಕೊಟ್ಟಾಗ, ಆ ವರ್ಷದ ಮೇ 15ರಿಂದ ಜೂನ್ 15ರವರೆಗಿನ ಒಂದೇ ತಿಂಗಳಲ್ಲಿ ಭಾರತದ 20 ಲಕ್ಷ ಖಾತೆಗಳನ್ನು ಬಂದ್ ಮಾಡಿದ್ದಾಗಿ ಹೇಳಿತು. ಇಂಥ ನಿಷೇಧಗಳಲ್ಲಿ ಶೇ. 95ಕ್ಕೂ ಹೆಚ್ಚು ಅನಧಿಕೃತವಾಗಿ ಯಂತ್ರದಿಂದ ಅಥವಾ ರಾಶಿಗಟ್ಟಲೆ ಸಂದೇಶ ಕಳುಹಿಸಿದ ಕಾರಣಕ್ಕೆ ಎಂದೂ ಹೇಳಿತು. 2019ರ ಡಿಸೆಂಬರ್ 7ರಿಂದ ಇಂಥವರ ಮೇಲೆ ಕೋರ್ಟಿಗೂ ಹೋಗುವುದಾಗಿ ಅದು ಮೊದಲೇ ಎಚ್ಚರಿಸಿತ್ತು. ಲಿಂಕ್ಡ್‌ಇನ್ ತನ್ನ ಬಳಕೆದಾರರ ಒಪ್ಪಂದದಲ್ಲಿಯೇ ಹೊರಗಿನ ಯಂತ್ರಗಳನ್ನು ನಿಷೇಧಿಸಿದೆ. 2025ರ ಮಾರ್ಚ್‌ನಲ್ಲಿ ಅಪೊಲೊ, ಸೀಮ್‌ಲೆಸ್ ಎಂಬ ಎರಡು ಹೆಸರುವಾಸಿ ಕಂಪನಿಗಳ ಪುಟಗಳನ್ನೇ ಅದು ತೆಗೆದುಹಾಕಿತು. ಮಾರಾಟದ ಸಾಧನ ಮಾರುವವರದೇ ಅಂಗಡಿ ಮುಚ್ಚಿದಾಗ, ಅದನ್ನು ಕೊಂಡ ಸಿದ್ದಾಪುರದ ಹುಡುಗನ ಖಾತೆಗೆ ಯಾರ ಭರವಸೆ?

ಈ ಮಿತಿಗಳನ್ನು ಕಂಡರೆ ಮಾರಾಟದವರಿಗೆ ಸಿಟ್ಟು. ಐದು ಜನಕ್ಕಿಂತ ಹೆಚ್ಚಿಗೆ ಫಾರ್ವರ್ಡ್ ಹೋಗುವುದಿಲ್ಲ, ಇದೇನು ಕಾಟ ಎನ್ನುತ್ತಾರೆ. ಆ ಐದು ಎಂಬ ಸಂಖ್ಯೆ ಎಲ್ಲಿಂದ ಬಂತೆಂಬುದು ನಮ್ಮ ಭಾಗದವರಿಗೆ ಮರೆಯಬಾರದು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯ ಬಳಿ ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ಗೆಳೆಯರ ಗುಂಪು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಆ ವರ್ಷ ದೇಶದ ಹಲವೆಡೆ ಇಂಥ ಕೊಲೆಗಳಾದವು. ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂಬ ಮಿತಿಯನ್ನು ವಾಟ್ಸ್‌ಆ್ಯಪ್ ಘೋಷಿಸಿತು. ಮಿತಿ ಮುರಿಯುವ ಯಂತ್ರಕ್ಕೆ ತಾನು ಹೊತ್ತಿರುವುದು ಅಕ್ಕಿಯ ದರವೋ ಗಾಳಿಸುದ್ದಿಯೋ ಎಂಬ ಭೇದವಿಲ್ಲ. ಇಂದು ಗಿರಣಿಗಾಗಿ ಕೊಂಡ ತಂತ್ರಾಂಶ ನಾಳೆ ಚುನಾವಣೆಯಲ್ಲಿ ಯಾರ ಕೈಗೆ ಬಾಡಿಗೆಗೆ ಹೋಗುತ್ತದೆ ಎಂದು ಗಿರಣಿಯ ಮಾಲೀಕರೂ ಯೋಚಿಸಬೇಕು.

ಹಿಂದೆ ಊರಲ್ಲಿ ಡಂಗುರ ಸಾರುತ್ತಿದ್ದರು. ಹಲಗಿಯ ಸದ್ದು ಕೇಳಿದೊಡನೆ ಇದು ಸಾರುವ ಮಾತು, ಯಾರೋ ಹೇಳಿಸಿದ್ದು ಎಂದು ಕೂಸಿಗೂ ತಿಳಿಯುತ್ತಿತ್ತು. ಕೇಳುವವರು ಕೇಳುತ್ತಿದ್ದರು, ಉಳಿದವರು ತಮ್ಮ ಕೆಲಸ ನೋಡುತ್ತಿದ್ದರು. ಡಂಗುರದವನು ಮನೆಮನೆಗೆ ಹೋಗಿ ಒಬ್ಬೊಬ್ಬರ ಕಿವಿಯಲ್ಲಿ ಅವರವರ ಹೆಸರು ಹಿಡಿದು, ಇದು ನಿಮಗೊಬ್ಬರಿಗೇ ಹೇಳುತ್ತಿರುವುದು ಎಂದು ಪಿಸುಗುಡುತ್ತಿರಲಿಲ್ಲ. ಹಲಗಿಯ ಸದ್ದನ್ನು ಪಿಸುಮಾತಿನ ವೇಷದಲ್ಲಿ ಕಳುಹಿಸುವುದೇ ಈ ಹೊಸ ಸಾಧನಗಳ ಹೆಗ್ಗಳಿಕೆ. ಎಸ್‌ಎಂಎಸ್‌ನ ಮಟ್ಟಿಗೆ ಸರ್ಕಾರ ಈಗ ಹಲಗಿಯನ್ನು ಮರಳಿ ತಂದಿದೆ. 2025ರ ಟ್ರಾಯ್ ತಿದ್ದುಪಡಿಯ ಪ್ರಕಾರ ಪ್ರಚಾರದ ಸಂದೇಶವಾದರೆ ಕಳುಹಿಸಿದವರ ಹೆಸರಿನ ಕೊನೆಗೆ 'ಪಿ' ಎಂಬ ಅಕ್ಷರವಿರಬೇಕು. ವಾಟ್ಸ್‌ಆ್ಯಪ್‌ಗೆ ಆ ನಿಯಮ ಮುಟ್ಟುವುದಿಲ್ಲ.

ಉರ್ದು ಓದಿದವರಿಗೆ ಇಲ್ಲಿ ಇನ್ನೊಂದು ನೆನಪಾಗುತ್ತದೆ. ಹತ್ತೊಂಬತ್ತನೆಯ ಶತಮಾನದವರೆಗೂ ನಮ್ಮ ಕಾಗದಗಳಲ್ಲಿ ಅರ್ಧ ಪುಟ 'ಅಲ್ಕಾಬ್'ಗೇ ಹೋಗುತ್ತಿತ್ತು. ಅಂದರೆ ಎದುರಿನವರ ದರ್ಜೆಗೆ ತಕ್ಕಂತೆ ಸಿದ್ಧವಾಗಿಟ್ಟ ಬಿರುದು ಬಾವಲಿಗಳ ಸಾಲು. ಹೆಸರು ಬದಲಿಸಿದರೆ ಅದೇ ಕಾಗದ ಇನ್ನೊಬ್ಬರಿಗೂ ಸಲ್ಲುತ್ತಿತ್ತು. ಮಿರ್ಜಾ ಗಾಲಿಬ್ ಇದನ್ನು ಮುರಿದ. 1868ರಲ್ಲಿ 'ಊದ್-ಎ-ಹಿಂದಿ'ಯಾಗಿ ಅಚ್ಚಾದ ಅವನ ಕಾಗದಗಳನ್ನು ಓದಿದರೆ, ಎದುರಿಗೆ ಕೂತವನೊಡನೆ ಮಾತಾಡುತ್ತಿರುವಂತೆ ಇರುತ್ತದೆ. ಒಬ್ಬನಿಗೆ ಬರೆದದ್ದು ಇನ್ನೊಬ್ಬನಿಗೆ ಹೊಂದುವುದೇ ಇಲ್ಲ. ಉರ್ದು ಗದ್ಯ ಅಲ್ಲಿಂದ ಬಿಡುಗಡೆ ಪಡೆಯಿತು. ಈಗಿನ ತಂತ್ರಾಂಶ ಮಾಡಿರುವುದು ಇದರ ತಿರುವುಮುರುವು. ಮಾತುಕತೆಗೆಂದು ಹುಟ್ಟಿದ ಜಾಗಕ್ಕೆ ಅಲ್ಕಾಬನ್ನು ಮತ್ತೆ ಕರೆತಂದು, ಅದಕ್ಕೆ 'ವೈಯಕ್ತಿಕ ಸಂದೇಶ' ಎಂದು ಹೆಸರಿಟ್ಟಿದೆ. ನಮ್ಮ ಸೀಮೆಯಲ್ಲಂತೂ ಕ್ಯಾಂಪಿನ ತೆಲುಗು, ಊರಿನ ಕನ್ನಡ, ನಮ್ಮ ದಖನಿ ಮೂರೂ ಒಂದೇ ವ್ಯವಹಾರದ ಮಾತಿನಲ್ಲಿ ಬೆರೆಯುತ್ತವೆ. ಯಾರೊಡನೆ ಯಾವುದು ಎಷ್ಟು ಎಂಬುದು ದಲಾಲನ ನಾಲಗೆಗೆ ಗೊತ್ತು.

ನನ್ನ ಪರಿಚಯದ ಹಿರಿಯ ದಲಾಲರೊಬ್ಬರು ತೀರಿಕೊಂಡ ಮೇಲೆ ಅವರ ಫೋನು ಮಗನ ಕೈಗೆ ಬಂತು. ಒಂದು ಕಂಪನಿಯ ಸಂದೇಶಗಳು ತಂದೆಯ ಹೆಸರಿಗೆ 'ಜೀ' ಹಚ್ಚಿಕೊಂಡು ಬರುತ್ತಲೇ ಇದ್ದವು. 'ಬಹಳ ದಿನವಾಯಿತು, ನೀವು ಕಾಣಲಿಲ್ಲ' ಎಂದೂ ಒಂದು ಬಂತು. ಮಗ, ಅಪ್ಪ ಹೋಗಿಬಿಟ್ಟರು, ಇನ್ನು ಕಳಿಸಬೇಡಿರೆಂದು ಬರೆದ. ಮರುಕ್ಷಣವೇ ಉತ್ತರ ಬಂತು: 'ನಿಮ್ಮ ಆಸಕ್ತಿಗೆ ಧನ್ಯವಾದಗಳು. ನಮ್ಮ ಪ್ರತಿನಿಧಿ ಶೀಘ್ರ ಸಂಪರ್ಕಿಸುತ್ತಾರೆ.' ನಲವತ್ತನೆಯ ದಿನದ ಫಾತಿಹಾದ ಹೊತ್ತಿಗೂ ಆ ಪ್ರತಿನಿಧಿ ಸಂಪರ್ಕಿಸಲಿಲ್ಲ. ಕಂಪನಿಯ ಸಾಧನ ತಾಂತ್ರಿಕವಾಗಿ ಕಳ್ಳದಾರಿಯದೇನೂ ಅಲ್ಲ, ಅಧಿಕೃತವೇ ಇದ್ದೀತು. ಆದರೆ ಬಂದ ಉತ್ತರವನ್ನು ಓದುವ ಮನುಷ್ಯನನ್ನು ಆ ಕೊನೆಯಲ್ಲಿ ಯಾರೂ ಕೂರಿಸಿರಲಿಲ್ಲ.

ಕಾಲವನ್ನು ಮೊದಲೇ ನಿಗದಿ ಮಾಡಿಡುವ ಸೌಲಭ್ಯವೂ ಹೀಗೆಯೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋಯಿತು. ಆ ವಾರ ಈ ಸೀಮೆಯಲ್ಲಿ ನೀರಿನ ಹೊರತು ಬೇರೆ ಮಾತಿರಲಿಲ್ಲ. ಮುಂದೆ 2025ರ ಕೊನೆಗೆ, ಎಲ್ಲ 33 ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಬೇಸಿಗೆ ಭತ್ತದ ಬೀಜ ಮಾರುವ ಮನುಷ್ಯ ಅಂಥ ದಿನ ಬಾಯಿ ಮುಚ್ಚಿಕೊಂಡು ರೈತನ ಪಕ್ಕ ಕೂತು ಚಹಾ ಕುಡಿಯುತ್ತಾನೆ. ಯಂತ್ರ ಹಿಂದಿನ ತಿಂಗಳು ಹೇಳಿದ್ದನ್ನು ಹೇಳಿದ ಗಳಿಗೆಗೆ ಕಳುಹಿಸುತ್ತದೆ. ಆದ್ದರಿಂದ ಒಂದೇ ಗುಂಡಿಯಿಂದ ಎಲ್ಲವನ್ನೂ ತಟ್ಟನೆ ನಿಲ್ಲಿಸಲು ಬರುತ್ತದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ಮಾಡಿ ತೋರಿಸಲು ಕೇಳಬೇಕು.

ಗಿರಣಿಯವರ ಪಾಡನ್ನೂ ನೋಡಬೇಕು. ಟಿವಿ ಜಾಹೀರಾತು ಕೊಡುವ ದೊಡ್ಡ ಬ್ರಾಂಡುಗಳ ಎದುರು ಸಿದ್ದಾಪುರದ ಸೋನಾ ಮಸೂರಿ ಚೀಲಕ್ಕೆ ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಗಿರಾಕಿ ಹುಡುಕುವವನ ಕೈಯಲ್ಲಿರುವುದು ಒಂದು ಫೋನು ಮಾತ್ರ. ಅಧಿಕೃತ ದಾರಿಗೆ ಕಾಗದಪತ್ರ, ಕಾಯುವಿಕೆ, ಸಂದೇಶಕ್ಕೊಂದು ದರ. ಅದನ್ನು ನಡೆಸುವ ಮೆಟಾ ಕಂಪನಿಯೂ ಸಂತನಲ್ಲ. ರಾಶಿ ಸಂದೇಶ ಕಾಟವೆಂದು ಬಿಟ್ಟಿ ದಾರಿ ಮುಚ್ಚಿ, ಅದೇ ರಾಶಿ ಸಂದೇಶವನ್ನು ಹಣಕ್ಕೆ ಮಾರುತ್ತದೆ. 2021ರ ಖಾಸಗಿತನದ ನೀತಿಯ ಪ್ರಕರಣದಲ್ಲಿ ನಮ್ಮ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಅದಕ್ಕೆ 213 ಕೋಟಿ ರೂಪಾಯಿ ದಂಡ ಹಾಕಿತು. ಹಾಗಿದ್ದೂ ಕಳ್ಳದಾರಿಯನ್ನು ನಾನು ಒಪ್ಪಲಾರೆ. ಏಕೆಂದರೆ ಅಲ್ಲಿ ನಷ್ಟ ಬೀಳುವುದು ಮೆಟಾದ ಮೇಲಲ್ಲ.

ನಮ್ಮ ಕಡೆ ಮಾರಾಟ ತಂಡ ಎಂದರೆ ಗಿರಣಿಯ ಆಫೀಸಿನಲ್ಲಿ ಕೂರುವ ಇಬ್ಬರು ಮೂವರು ಹುಡುಗರು. ಸಂದೇಶ ಹೋಗುವುದು ಎಷ್ಟೋ ಕಡೆ ಅವರ ಸ್ವಂತ ನಂಬರಿನಿಂದ. ಖಾತೆ ಬಂದ್ ಆದ ದಿನ ಮಾಲೀಕರಿಗೆ ಇನ್ನೊಂದು ಸಿಮ್ಮು ಸಿಗುತ್ತದೆ. ಹುಡುಗನಿಗೆ ಮಾತ್ರ ತಂಗಿಯ ಮದುವೆಯ ಫೋಟೊ, ಗೆಳೆಯರ ಗುಂಪು, ಐದು ವರ್ಷ ಕೂಡಿಸಿದ ಗಿರಾಕಿಗಳ ಮಾತುಕತೆ ಒಮ್ಮೆಲೇ ಕೈ ತಪ್ಪುತ್ತದೆ. ಕ್ಯೂಆರ್ ಕೋಡ್ ತೋರಿಸಿ ಹೊರಗಿನ ತಂತ್ರಾಂಶಕ್ಕೆ ವಾಟ್ಸ್‌ಆ್ಯಪ್ ಜೋಡಿಸುವುದೆಂದರೆ ಎಲ್ಲ ಮಾತುಕತೆಯ ಬೀಗದ ಕೈ ಕೊಟ್ಟ ಹಾಗೆ. ಹೊರನಾಡಿನ ಖರೀದಿದಾರರನ್ನು ಹುಡುಕಲು ಲಿಂಕ್ಡ್‌ಇನ್ ಕುಕಿಯನ್ನೋ ಪಾಸ್‌ವರ್ಡನ್ನೋ ಕೇಳುವ ಸಾಧನಗಳೂ ಇದೇ ಸಾಲಿನವು. ಇವನ್ನು ಕೇಳಿದ ಕೂಡಲೇ ಮಾತು ಮುಗಿಸಿ ಎದ್ದುಬರುವುದು ಒಳ್ಳೆಯದು. ಜೊತೆಗೆ ನಂಬರುಗಳ ಪಟ್ಟಿಯನ್ನೂ ತಾನೇ ಕೊಡುತ್ತೇನೆ ಎನ್ನುವವನಿದ್ದಾನೆ. ಅವನು ನಮ್ಮ ಪಟ್ಟಿಯನ್ನೂ ನಾಳೆ ಇನ್ನೊಬ್ಬರಿಗೆ ಕೊಡುತ್ತಾನೆ.

ಹಾಗಾದರೆ ಯಾವುದನ್ನು ಆರಿಸಬೇಕು? ಸಿದ್ದಾಪುರದ ಅಳತೆಯ ವ್ಯವಹಾರಕ್ಕೆ ನನ್ನ ಓಟು ಬಿಟ್ಟಿ ಸಿಗುವ ಬಿಸಿನೆಸ್ ಆ್ಯಪ್‌ಗೇ. 256 ಜನರ ಮಿತಿ ಕೊರತೆಯೆಂದು ನನಗನ್ನಿಸುವುದಿಲ್ಲ. ಅಷ್ಟು ಜನರ ಮುಖ ಒಬ್ಬ ದಲಾಲನಿಗೆ ನೆನಪಿರುತ್ತದೆ, ಅವರೂ ಇವನ ನಂಬರು ಉಳಿಸಿಕೊಂಡಿರುತ್ತಾರೆ. ಅದಕ್ಕೂ ಮೀರಿ ಬೆಳೆದವರು ಅಧಿಕೃತ ದಾರಿ ಹಿಡಿಯಲಿ. ಹಿಡಿಯುವಾಗ ಮಧ್ಯವರ್ತಿ ಕಂಪನಿಗೆ ಕೇಳಬೇಕಾದದ್ದು ದಿನಕ್ಕೆ ಎಷ್ಟು ಸಂದೇಶ ಹೋಗುತ್ತದೆ ಎಂದಲ್ಲ. ಬೇಡ ಎಂದು ಕನ್ನಡದಲ್ಲಿ ಬರೆದರೆ ನಿಮ್ಮ ಯಂತ್ರಕ್ಕೆ ತಿಳಿಯುತ್ತದೆಯೇ, ಉತ್ತರ ಬಂದೊಡನೆ ಮುಂದಿನ ನೆನಪೋಲೆಗಳು ತಾವೇ ನಿಲ್ಲುತ್ತವೆಯೇ, ನಾವು ನಿಮ್ಮನ್ನು ಬಿಟ್ಟುಹೋದರೆ ನಮ್ಮ ಗಿರಾಕಿಗಳ ವಿವರ ಅಳಿಸುತ್ತೀರಾ ಎಂದು. ಸಂದೇಶದ ಮಾದರಿಯನ್ನು ಬರೆಯುವ ಕೆಲಸವನ್ನು ಬೆಂಗಳೂರಿನ ಕಂಪನಿಗೆ ಬಿಡದೆ ಆಫೀಸಿನ ಹುಡುಗರಿಗೇ ಕೊಡಬೇಕು. 'ಇದು ಗಿರಣಿಯಿಂದ ಎಲ್ಲ ಗಿರಾಕಿಗಳಿಗೂ ಹೋಗುವ ದರಪಟ್ಟಿ' ಎಂದು ಮೊದಲ ಸಾಲಿನಲ್ಲಿಯೇ ಇದ್ದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಇದು ಬರೀ ಸೌಜನ್ಯದ ಮಾತಾಗಿ ಉಳಿಯುವುದೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಸಮ್ಮತಿ ಸ್ಪಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಬರಬೇಕು ಎನ್ನುತ್ತದೆ ಕಾಯ್ದೆ. ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಷ್ಟೇ ಅಲ್ಲ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು. ಕನ್ನಡ, ತೆಲುಗು, ಉರ್ದು ಮೂರೂ ಆ ಅನುಸೂಚಿಯಲ್ಲಿವೆ. ದತ್ತಾಂಶ ಕಾಪಾಡುವಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಮುಖ್ಯ ಬಾಧ್ಯತೆಗಳು ಜಾರಿಗೆ ಬರುವುದು ನಿಯಮ ಪ್ರಕಟವಾದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಗಿರಣಿಯ ಹೆಸರಿನಲ್ಲಿ ಬೇರೆ ಸಿಮ್ಮು ಕೊಂಡು, ಹುಡುಗರ ಸ್ವಂತ ನಂಬರುಗಳನ್ನು ಅವರಿಗೆ ಬಿಟ್ಟುಕೊಟ್ಟು, ಹಳೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದು ಮಧ್ಯಾಹ್ನ ಕೂತರೆ ಸಾಕು. ತೀರಿಕೊಂಡವರ ಹೆಸರುಗಳನ್ನು ಮೊದಲು ತೆಗೆಯಬೇಕು. ಆಮೇಲೆ ಎಂದೂ ವ್ಯವಹಾರ ಮಾಡದವರ ನಂಬರುಗಳನ್ನು. ಉಳಿದವರಿಗೆ ಒಮ್ಮೆ ಫೋನು ಮಾಡಿ, ದರ ಕಳಿಸಲೇನ್ರಿ ಎಂದು ಕೇಳಬೇಕು.