ಮೇಯರ್ ಅತ್ತ ರಾತ್ರಿ

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಡಿದ ಮೇಲೆ ನ್ಯೂ ಆರ್ಲಿಯನ್ಸ್‌ನ ಕಾಲುವೆ ಏರಿಗಳು ಒಡೆದು, ಊರಿನ ಶೇ. 80ರಷ್ಟು ಭಾಗ ಮುಳುಗಿತು. ಕರೆಂಟ್ ಇಲ್ಲದೆ ಟಿ.ವಿ.ಗಳು ಕಣ್ಣು ಮುಚ್ಚಿದವು. ಬ್ಯಾಟರಿ ರೇಡಿಯೋ ಇದ್ದವರಿಗೆ ಉಳಿದದ್ದು ಮುಖ್ಯವಾಗಿ ಒಂದೇ ಧ್ವನಿ: ಡಬ್ಲ್ಯು.ಡಬ್ಲ್ಯು.ಎಲ್. 870 ಎ.ಎಂ. ಆ ನಿಲಯ ಹಗಲು ರಾತ್ರಿ ನಡೆಸಿದ ಮಾತುಕತೆ ಅಮೆರಿಕದ ಪ್ರಸಾರ ಚರಿತ್ರೆಯಲ್ಲಿ ಮೆಚ್ಚುಗೆ ಪಡೆದಿದೆ. ಮೆಚ್ಚುಗೆ ಸರಿಯೇ, ಆದರೆ ಅದು ಸಂದಿರುವುದು ತಪ್ಪು ಗಳಿಗೆಗೆ.

ಎಲ್ಲರೂ ನೆನೆಯುವುದು ಸೆಪ್ಟೆಂಬರ್ 1, ಗುರುವಾರ ರಾತ್ರಿಯ ಸಂದರ್ಶನವನ್ನು. ನಿರೂಪಕ ಗಾರ್ಲಂಡ್ ರಾಬಿನೆಟ್ ಜೊತೆ ಮೇಯರ್ ರೇ ನೇಗಿನ್ ಫೋನಿನಲ್ಲಿದ್ದರು. ಅಧ್ಯಕ್ಷರನ್ನೂ ರಾಜ್ಯಪಾಲರನ್ನೂ ಬಿಡದೆ ಝಾಡಿಸಿದರು. ಪತ್ರಿಕಾಗೋಷ್ಠಿ ಸಾಕು, ದೇಶದ ಬಸ್ಸುಗಳನ್ನೆಲ್ಲ ಇತ್ತ ಕಳಿಸಿ ಎಂದರು. ಕೊನೆಗೆ ಇಬ್ಬರ ಕೊರಳೂ ಕಟ್ಟಿತು. ಮರುದಿನ ಅದು ದೇಶದ ಟಿ.ವಿ.ಗಳಲ್ಲೆಲ್ಲ ಮೊಳಗಿತು.

ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೂ ವಿಮರ್ಶಕ ಕಿವಿಗೆ ಅಲ್ಲೊಂದು ಕೊರತೆ ತಟ್ಟುತ್ತದೆ. ಕಡ್ಡಾಯ ತೆರವಿನ ಆದೇಶವನ್ನು ಮೇಯರ್ ಹೊರಡಿಸಿದ್ದು ಬಿರುಗಾಳಿಯ ಹಿಂದಿನ ದಿನ, ಭಾನುವಾರ. ಕಾರಿಲ್ಲದ ಸಾವಿರಾರು ಬಡವರು ಊರಲ್ಲೇ ಉಳಿದರು. ಅವರನ್ನು ಸಾಗಿಸಬಹುದಾಗಿದ್ದ ಶಾಲಾ ಬಸ್ಸುಗಳು ಸಾಲಾಗಿ ನಿಂತಲ್ಲೇ ಮುಳುಗಿದವು. ಹೊರಗಿನ ಬಸ್ಸು ಬೇಡುತ್ತಿದ್ದವರನ್ನು, ನಿಮ್ಮ ಊರಿನ ಬಸ್ಸುಗಳು ಏನಾದವು ಎಂದು ರಾಬಿನೆಟ್ ಕೇಳಲಿಲ್ಲ. ಬದಲಿಗೆ, ಹೀಗೆ ದನಿಯೆತ್ತಿದ ಏಕೈಕ ರಾಜಕಾರಣಿ ನೀವು ಎಂಬರ್ಥದಲ್ಲಿ ಶ್ಲಾಘಿಸಿದರು. ಉತ್ತರ ಕೊಡಬೇಕಾದ ಆಡಳಿತಗಾರ ಆ ರಾತ್ರಿ ನೊಂದ ಶ್ರೋತೃಗಳಲ್ಲಿ ಒಬ್ಬನಾಗಿ ಪಾರಾದ. ಸಂಕಟದ ಪ್ರಾಮಾಣಿಕತೆ ಹೊಣೆಗಾರಿಕೆಯನ್ನು ತೊಳೆದುಹಾಕದು. ಇದೇ ನೇಗಿನ್ 2014ರಲ್ಲಿ ಲಂಚದ ಪ್ರಕರಣದಲ್ಲಿ ದೋಷಿಯಾಗಿ ಹತ್ತು ವರ್ಷದ ಶಿಕ್ಷೆ ಪಡೆದರು. ಕಣ್ಣೀರನ್ನು ಚಾರಿತ್ರ್ಯದ ಪ್ರಮಾಣಪತ್ರವೆಂದು ಓದುವವರಿಗೆ ಇದು ಪಾಠ.

ಹಾಗಾದರೆ ಹಿರಿಮೆ ಎಲ್ಲಿ? ಹೆಸರಿಲ್ಲದ ಕರೆಗಳಲ್ಲಿ. ಅಟ್ಟ ಹತ್ತಿ ಸಿಕ್ಕಿಬಿದ್ದವರು, ತಾಯಿ ಎಲ್ಲಿದ್ದಾಳೋ ಎಂದು ಹುಡುಕುವವರು, ಯಾವ ರಸ್ತೆಯಲ್ಲಿ ನೀರೆಷ್ಟು ಎಂದು ಹೇಳುವವರು ಒಬ್ಬರಾದ ಮೇಲೊಬ್ಬರು ಮಾತಾಡಿದರು. ನಿರೂಪಕರು ಆ ಊರಿನ ಓಣಿ ಬಲ್ಲವರು. ವಿಳಾಸ ಕೇಳಿದರೆ ಜಾಗ ಕಣ್ಣಿಗೆ ಕಟ್ಟುವಂಥವರು. ಸೂಪರ್‌ಡೋಮ್ ಕ್ರೀಡಾಂಗಣದ ಪಕ್ಕದ ಸ್ಟುಡಿಯೋದ ಕಿಟಕಿ ಗಾಳಿಗೆ ಒಡೆದಾಗ ರಾಬಿನೆಟ್ ಪುಟ್ಟ ಒಳಕೋಣೆಗೆ ಸರಿದು ಮಾತು ಮುಂದುವರಿಸಿದ್ದರು. 50,000 ವಾಟ್‌ನ ಆ ಮೀಡಿಯಂ ವೇವ್ ಪ್ರಸಾರ ಇರುಳಾದರೆ ಹಲವು ರಾಜ್ಯಗಳಾಚೆಗೂ ಕೇಳಿಸುತ್ತಿತ್ತು. ಚದುರಿಹೋದ ನೆಂಟರಿಗೆ ಊರಿನ ಸುದ್ದಿ ಮುಟ್ಟುತ್ತಿತ್ತು. ಪೈಪೋಟಿಯ ಎರಡು ಕಂಪನಿಗಳು, ಎಂಟರ್‌ಕಾಮ್ ಮತ್ತು ಕ್ಲಿಯರ್ ಚಾನೆಲ್, ಹಗೆ ಬದಿಗಿಟ್ಟು ಹಲವು ನಿಲಯಗಳಲ್ಲಿ ಒಂದೇ ಕಾರ್ಯಕ್ರಮ ಹೊಮ್ಮಿಸಿದವು.

ಇಂಥ ತೆರೆದ ಬಾಗಿಲಲ್ಲಿ ಗಾಳಿಸುದ್ದಿಯೂ ನುಗ್ಗುವ ಅಪಾಯವಿದೆ. ಸಂತ್ರಸ್ತರು ಆಶ್ರಯ ಪಡೆದಿದ್ದ ಸೂಪರ್‌ಡೋಮ್‌ನಲ್ಲಿ ನಡೆದವೆಂಬ ಕೊಲೆ, ಅತ್ಯಾಚಾರಗಳ ಬಗ್ಗೆ ಮಾಧ್ಯಮಗಳು ಹಬ್ಬಿಸಿದ ಎಷ್ಟೋ ಕತೆಗಳಿಗೆ ಆಧಾರವಿರಲಿಲ್ಲವೆಂದು ಅದೇ ತಿಂಗಳು ಸ್ಥಳೀಯ ಪತ್ರಿಕೆಯೇ ಬಯಲಿಗೆಳೆಯಿತು. ಅಂಥ ಕತೆಗಳನ್ನು ಹರಡಿದವರಲ್ಲಿ ಸ್ವತಃ ಮೇಯರ್ ಕೂಡ ಇದ್ದರು. ಕಣ್ಣಾರೆ ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಲು ನಿರೂಪಕನಿಗೆ ಇರುವ ಸಾಧನ ಮರುಪ್ರಶ್ನೆಯೊಂದೇ. ಅದನ್ನು ಅಧಿಕಾರಸ್ಥರ ಮುಂದೆ ಕೆಳಗಿಟ್ಟದ್ದೇ ಆ ಗುರುವಾರದ ಸೋಲು.

ನಮಗೂ ಇದರಲ್ಲಿ ವಿಚಾರವಿದೆ. ಭಾರತದ ಖಾಸಗಿ ಎಫ್.ಎಂ.ಗಳಿಗೆ ಸ್ವಂತ ಸುದ್ದಿ ನಿಷಿದ್ಧ. ಆಕಾಶವಾಣಿಯ ವಾರ್ತೆಯನ್ನಷ್ಟೇ ಮರುಪ್ರಸಾರ ಮಾಡಬಹುದು. ಪ್ರಕೃತಿ ವಿಕೋಪದ ಮಾಹಿತಿಗೆ ವಿನಾಯಿತಿಯೇನೋ ಇದೆ, ಅದನ್ನು ಸ್ಥಳೀಯ ಆಡಳಿತ ಒದಗಿಸಿದ್ದರೆ ಮಾತ್ರ. ನ್ಯೂ ಆರ್ಲಿಯನ್ಸ್‌ನಲ್ಲಿ ಮುಳುಗಿದ್ದು ಆಡಳಿತವೇ. ಜನರನ್ನು ಕಾದದ್ದು ಜನರ ಮಾಹಿತಿ. ನಮ್ಮ ನಿಯಮ ಅಲ್ಲಿದ್ದಿದ್ದರೆ 870 ಎ.ಎಂ. ಕಾನೂನಿನ ಪ್ರಕಾರ ಬಾಯಿ ಮುಚ್ಚಿರಬೇಕಿತ್ತು. 2018ರ ಕೊಡಗಿನ ಭೂಕುಸಿತ ಕಂಡ ನಾವು ಈ ನಿಯಮವನ್ನು ಬದಲಿಸಿ ಎಂದು ಕೇಳಲೇಬೇಕು.