ಉತ್ತಂಗಿ ಚೆನ್ನಪ್ಪನವರ ಅನುಭಾವದೃಷ್ಟಿ

ವಚನಗಳ ಸಂಗ್ರಹ ಮತ್ತು ಸಂಪಾದನೆಗಾಗಿ ಬಾಳನ್ನು ಸವೆಸಿದ ಮಹನೀಯರನ್ನು ನೆನೆಯುವಾಗ ಫ. ಗು. ಹಳಕಟ್ಟಿಯವರ ಹೆಸರಿನೊಡನೆ ರೆವರೆಂಡ್ ಉತ್ತಂಗಿ ಚೆನ್ನಪ್ಪನವರ ಹೆಸರೂ ಬರುವುದು ಸಹಜ. ಈ ಕ್ರೈಸ್ತ ಸಭಾಪಾಲಕರನ್ನು ಕುರಿತು ವೀರಶೈವ ವಲಯದಲ್ಲಿ, ಅವರು ಹೊರಗೆ ಪಾದ್ರಿ, ಒಳಗೆ ಶರಣ ಎಂದು ಅಭಿಮಾನದಿಂದ ಹೇಳುವವರುಂಟು. ಸ್ವಮತದಲ್ಲಿ ನಿಷ್ಠುರರಾದ ಕ್ರೈಸ್ತರಿಗಾದರೋ, ಇಂತಹ ಆಸಕ್ತಿಯೇ ವಿಶ್ವಾಸದ ಸಡಿಲಿಕೆಯೆಂದು ತೋರಬಹುದು. ಒಂದು ಮೆಚ್ಚುಗೆ, ಇನ್ನೊಂದು ಆಕ್ಷೇಪಣೆ; ಆದರೆ ಎರಡರ ತಳಹದಿಯೂ ಒಂದೇ. ಒಬ್ಬನು ತನ್ನ ದೇವರನ್ನು ಬಿಡದೆ ಇನ್ನೊಬ್ಬರ ಅನುಭಾವಕ್ಕೆ ಮನಸ್ಸು ತೆರೆಯಲಾರನೆಂಬುದೇ ಆ ತಳಹದಿ. ಉತ್ತಂಗಿಯವರ ಕೃತಿಶ್ರೇಣಿ ಈ ನಂಬಿಕೆಯನ್ನು ಅಲ್ಲಗಳೆಯುತ್ತದೆ.

ಚೆನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಜನಿಸಿ, ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ಧರ್ಮಶಿಕ್ಷಣ ಪಡೆದು, ಉತ್ತರ ಕರ್ನಾಟಕದಲ್ಲಿ ಸಭಾಪಾಲಕರಾಗಿ ಸೇವೆ ಸಲ್ಲಿಸಿದರು. 1924ರಲ್ಲಿ ಅವರ ಸರ್ವಜ್ಞ ವಚನಗಳ ಸಂಗ್ರಹ ಹೊರಬಂದಿತು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿ ಗೌರವಿಸಿತು. 1962ರಲ್ಲಿ ಅವರು ಕಾಲವಾದರು. ಈ ದೀರ್ಘ ಅವಧಿಯಲ್ಲಿ ಅವರು ಯೇಸುವಿನ ಶಿಷ್ಯತ್ವವನ್ನು ಬಿಟ್ಟವರಲ್ಲ. ಚರ್ಚೆ ಇಲ್ಲಿಂದಲೇ ತೊಡಗಬೇಕು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು. ಹರ್ಮನ್ ಮೋಗ್ಲಿಂಗರ ಗ್ರಂಥಮಾಲೆಯಲ್ಲಿ ಭೀಮಕವಿಯ ‘ಬಸವಪುರಾಣ’ ಅಚ್ಚಾಯಿತು. 1850ರಲ್ಲಿ ದಾಸರ ಪದಗಳೂ ಬೆಳಕು ಕಂಡವು. ಕಿಟ್ಟೆಲರ 1894ರ ನಿಘಂಟು ಕನ್ನಡಕ್ಕೆ ದೊರೆತ ಮಹದುಪಕಾರ. ಆ ವಿದ್ವಾಂಸರ ಶ್ರಮವನ್ನು ಕಿರಿದುಗೊಳಿಸುವುದು ಕೃತಘ್ನತೆಯಾದೀತು. ಆದರೂ ಅವರು ಬಂದುದು ಮತಪ್ರಚಾರಕ್ಕೆ. ಜನರ ಧರ್ಮವನ್ನು ಅರಿಯುವುದು ಆ ಕಾರ್ಯದ ಅಂಗವಾಗಿತ್ತು. ಕಿಟ್ಟೆಲರು 1876ರಲ್ಲಿ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದೇ ಮಿಶನ್ನಿನ ಸೆಮಿನರಿಯಲ್ಲಿ ಕಲಿತ ಉತ್ತಂಗಿಯವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕದ ಹೆಸರು, ಅನುಭವ ಮಂಟಪವು ಲಿಂಗಾಯತ ಧರ್ಮದ ಹೃದಯ ಎಂದು. ಒಬ್ಬರು ಕೇಳಿದ್ದು ‘ಮೂಲ’ವನ್ನು, ಇನ್ನೊಬ್ಬರು ಕೇಳಿದ್ದು ‘ಹೃದಯ’ವನ್ನು. ಮೂಲವನ್ನು ಕೇಳುವವನು ಹೊರಗೆ ನಿಂತೇ ಉತ್ತರ ಪಡೆಯಬಹುದು. ಹೃದಯವನ್ನು ಕೇಳುವವನು ಒಳಗಿನವರು ಹೇಳುವುದನ್ನು ನಂಬಿ ಕಿವಿಗೊಡಬೇಕಾಗುತ್ತದೆ. ಉದಾರ ಕ್ರೈಸ್ತ ಚಿಂತನೆಯು ಕನ್ನಡನಾಡಿನಲ್ಲಿ ಕ್ರಮಿಸಿದ ದಾರಿಯನ್ನು ಈ ಎರಡು ಹೆಸರುಗಳೇ ಸೂಚಿಸುತ್ತವೆ.

ಈ ಕಿವಿಗೊಡುವಿಕೆ ಎಷ್ಟು ಕಷ್ಟದ್ದೆಂಬುದನ್ನು ತಿಳಿಯಲು ಯೂರೋಪಿನ ಸ್ಥಿತಿಯನ್ನು ನೋಡಬೇಕು. ಕ್ರೈಸ್ತ ಧರ್ಮದಲ್ಲಿ ಅನುಭಾವವಿಲ್ಲವೆಂದಲ್ಲ. ಬಸವಣ್ಣನವರ ಶತಮಾನದಲ್ಲಿಯೇ ಕ್ಲೇರ್ವೋದ ಸಂತ ಬರ್ನಾರ್ಡರು (1090–1153) ಆತ್ಮವನ್ನು ವಧುವೆಂದೂ ಕ್ರಿಸ್ತನನ್ನು ವರನೆಂದೂ ಭಾವಿಸಿ ಉಪದೇಶ ಮಾಡಿದರು. ಶರಣಸತಿ–ಲಿಂಗಪತಿ ಭಾವವನ್ನು ಬಲ್ಲವರಿಗೆ ಇದು ಪರಕೀಯವೆನಿಸದು. ಆದರೆ ಜರ್ಮನಿಯ ಎಕ್‌ಹಾರ್ಟರು ಇನ್ನೂ ಮುಂದೆ ಹೋದಾಗ, ಅವರ 28 ವಾಕ್ಯಗಳ ಮೇಲೆ ಪೋಪರು 1329ರಲ್ಲಿ ಆಕ್ಷೇಪ ಹೊರಡಿಸಿದರು. ಪ್ರಾಟೆಸ್ಟಂಟರಲ್ಲಿ ಈ ಶಂಕೆ ಮತ್ತಷ್ಟು ಬಲವಾಯಿತು. ಸ್ವಿಟ್ಜರ್ಲೆಂಡಿನ ಎಮಿಲ್ ಬ್ರೂನರರು ‘ಅನುಭಾವ ಮತ್ತು ವಾಕ್ಯ’ ಎಂಬರ್ಥದ ಗ್ರಂಥವನ್ನು ಬರೆದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕೆಂದು ವಾದಿಸಿದರು. ಅದು ಪ್ರಕಟವಾದುದು 1924ರಲ್ಲಿ, ಉತ್ತಂಗಿಯವರ ಸರ್ವಜ್ಞ ಸಂಗ್ರಹ ಹೊರಬಂದ ವರ್ಷದಲ್ಲಿ. ಬಾಸೆಲ್ ನಗರದಲ್ಲಿಯೇ 1935ರಿಂದ ಅಧ್ಯಾಪಕರಾಗಿದ್ದ ಕಾರ್ಲ್ ಬಾರ್ಟರೂ ಮಾನವನ ಅನುಭವದಿಂದ ದೇವರೆಡೆಗೆ ದಾರಿಯಿಲ್ಲ, ದೇವರ ಪ್ರಕಟನೆಯೊಂದೇ ದಾರಿ ಎಂದು ಸಾರಿದವರು. ತವರು ಸಭೆಯ ನೆಲದಲ್ಲಿ ಗಾಳಿ ಹೀಗೆ ಬೀಸುತ್ತಿರುವಾಗ, ಆ ಸಭೆಯ ಕನ್ನಡ ಪಾಲಕರೊಬ್ಬರು ಶರಣರ ಅನುಭಾವದತ್ತ ನಡೆದರು.

ಆ ನಡಿಗೆಯಲ್ಲಿ ಒಂದು ಕ್ರಮವಿದೆ. ಮೊದಲು ಅವರ ಕೈ ಹಿಡಿದವನು ಸರ್ವಜ್ಞ. ಸರ್ವಜ್ಞನಲ್ಲಿ ಜಾತಿಖಂಡನೆಯುಂಟು, ಡಾಂಭಿಕರ ವಿಡಂಬನೆಯುಂಟು, ನೀತಿಯುಂಟು. ಸುಧಾರಕ ಮನಸ್ಸಿನ ಕ್ರೈಸ್ತನಿಗೆ ಅವನು ಸುಲಭ ಗ್ರಾಹ್ಯ. ಊರೂರಿನ ಬಾಯಲ್ಲಿದ್ದ ತ್ರಿಪದಿಗಳನ್ನೂ ಓಲೆಗರಿಗಳಲ್ಲಿದ್ದುವನ್ನೂ ಕೂಡಿಸಿ ವಿಷಯವಾರು ಪದ್ಧತಿಗಳಾಗಿ ವಿಂಗಡಿಸಿದ ಆ ಸಂಗ್ರಹದಲ್ಲಿ ಪ್ರಕ್ಷಿಪ್ತಗಳು ಸೇರಿರುವುದು ನಿಜ. ಸಂಗ್ರಹಿಸುವ ಆಸೆಯು ಶೋಧಿಸುವ ಎಚ್ಚರವನ್ನು ಅಲ್ಲಲ್ಲಿ ಮೀರಿದೆ. ಆದರೂ ಮುಂದಿನ ಶೋಧಕರಿಗೆ ನೆಲ ಹಸನು ಮಾಡಿಕೊಟ್ಟದ್ದು ಅದೇ. ಅನಂತರ ಅವರು ಸಿದ್ಧರಾಮ, ಮೋಳಿಗೆಯ ಮಾರಯ್ಯ, ಮಹಾದೇವಮ್ಮ, ಆದಯ್ಯ ಇವರ ವಚನಗಳ ಸಂಪಾದನೆಗೆ ತೊಡಗಿದರು. ಅಂದರೆ ನೀತಿಯಿಂದ ಅನುಭಾವಕ್ಕೆ ಬಂದರು.

ಈ ಆಯ್ಕೆಯೂ ಅರ್ಥಪೂರ್ಣ. ಸಿದ್ಧರಾಮನು ಸೊನ್ನಲಿಗೆಯಲ್ಲಿ ಕೆರೆ ತೋಡಿಸಿ ಗುಡಿ ಕಟ್ಟಿಸಿ ಲೋಕಹಿತದಲ್ಲಿ ನಿರತನಾಗಿದ್ದವನು. ಅಲ್ಲಮಪ್ರಭುವು ಬಂದು ಆ ಸತ್ಕಾರ್ಯದೊಳಗೆ ಅಡಗಿದ್ದ ‘ನಾನು’ ಎಂಬುದನ್ನು ತೋರಿಸಿಕೊಟ್ಟ ಕಥೆ ಪ್ರಸಿದ್ಧ. ಶಾಲೆ, ಮುದ್ರಣಾಲಯ, ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳಿಂದ ಹೆಸರಾದ ಮಿಶನ್ನಿನ ಸೇವಕರೊಬ್ಬರಿಗೆ ಈ ಕಥೆ ಬರಿಯ ಪುರಾಣವಾಗಿ ಉಳಿಯಲಾರದು. ಸೌದೆ ಮಾರಿ ದಾಸೋಹ ಮಾಡುತ್ತಿದ್ದ ಮಾರಯ್ಯನು ಕೈಲಾಸವನ್ನು ಬಯಸಿದಾಗ, ಅದು ಬೇರೆಲ್ಲಿಯೋ ಇದೆಯೆಂದು ಎಣಿಸುವುದೇ ತಪ್ಪೆಂದು ತಿದ್ದಿದವಳು ಆತನ ಸತಿ. ಪರಲೋಕದ ಭರವಸೆಯನ್ನು ಬೋಧಿಸುವ ವೃತ್ತಿಯವರು ಈ ಸಂವಾದವನ್ನು ಮನಗೊಟ್ಟು ಓದಬೇಕಾದರೆ ಸಾಹಸ ಬೇಕು.

ಉತ್ತಂಗಿಯವರ ಮುಖ್ಯ ಕೊಡುಗೆಯಾದರೋ ಅನುಭವ ಮಂಟಪದ ವಿಚಾರ. 1951ರ ‘ಅನುಭವ ಮಂಟಪದ ಐತಿಹಾಸಿಕತೆ’ಯಲ್ಲಿ ಅವರು ಸಂಶಯಪಕ್ಷವನ್ನು ಎದುರಿಸಿ, ಮಂಟಪವು ಕಲ್ಪನೆಯಲ್ಲವೆಂದು ಸಮರ್ಥಿಸಿದರು. ಆ ವಿವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಆದರೆ ಕಟ್ಟಡದ ಪ್ರಶ್ನೆಗಿಂತ ಮಿಗಿಲಾದದ್ದು ಅವರ ದೃಷ್ಟಿ. ಪಾಶ್ಚಾತ್ಯರ ‘ಮಿಸ್ಟಿಸಿಸಂ’ ಎಂಬ ಶಬ್ದವು ಕಣ್ಣು ಬಾಯಿಗಳನ್ನು ಮುಚ್ಚುವುದೆಂಬರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದುದು. ಅದರಲ್ಲಿ ಏಕಾಂತ ಮತ್ತು ಗೋಪ್ಯತೆಗಳ ಛಾಯೆಯಿದೆ. ಶರಣರ ಅನುಭಾವವು ಗೋಷ್ಠಿಯಲ್ಲಿ ಅರಳಿದುದು. ಒಬ್ಬನ ಅರಿವನ್ನು ಇನ್ನೊಬ್ಬನು ಒರೆಗೆ ಹಚ್ಚಬೇಕು. ಕಾಯಕಜೀವಿಯ ಮಾತಿಗೂ ಅಲ್ಲಿ ಬೆಲೆಯುಂಟು. ವಚನಗಳನ್ನು ಒಂಟಿ ಹೃದಯದ ಉದ್ಗಾರಗಳೆಂದು ಓದುವವರಿಗೆ ಮರೆಯಾಗುವ ಈ ಸತ್ಯವು, ವಿಶ್ವಾಸವೆಂಬುದು ಸಭೆಯಲ್ಲಿ ಬಾಳತಕ್ಕದ್ದೆಂದು ತಿಳಿದ ಸಭಾಪಾಲಕರಿಗೆ ಗೋಚರಿಸಿತು. ಅವರ ಕ್ರೈಸ್ತತ್ವವು ವಚನಗಳ ಅರ್ಥಕ್ಕೆ ಅಡ್ಡವಾಗಲಿಲ್ಲ, ಕಣ್ಣಾಯಿತು.

ಕಣ್ಣಿಗೂ ಮಿತಿಯುಂಟು. ಮಂಟಪವನ್ನು ಸಭೆಯೆಂದು ಕಂಡಾಗ ಅದರ ಸಾಮಾಜಿಕ ಮುಖ ಬೆಳಗುತ್ತದೆ. ಅಲ್ಲಮನ ಬಯಲು ಆ ಬೆಳಕಿನಲ್ಲಿ ಅಷ್ಟಾಗಿ ಕಾಣದು. ಲಿಂಗಾಂಗ ಸಾಮರಸ್ಯದಲ್ಲಿ ಎರಡೆಂಬುದು ಉಳಿಯುವುದಿಲ್ಲ. ಕ್ರೈಸ್ತ ಅನುಭಾವಿಗಳ ಮುಖ್ಯಧಾರೆಯಲ್ಲಿ ಪ್ರೀತಿಸುವವನೂ ಪ್ರೀತಿಸಲ್ಪಡುವವನೂ ಒಂದುಗೂಡಿಯೂ ಇಬ್ಬರಾಗಿಯೇ ಇರುತ್ತಾರೆ. ಈ ಅಂತರವನ್ನು ಸೌಜನ್ಯಕ್ಕಾಗಿ ಅಳಿಸುವುದು ಉಭಯರಿಗೂ ಅನ್ಯಾಯ. ಸುಳ್ಯ ಸೀಮೆಯ ಗಡಿಗ್ರಾಮವಾದ ಮಂಡೆಕೋಲಿನಂತಹ ಕಡೆಗಳಲ್ಲಿ ಕನ್ನಡ, ತುಳು, ಅರೆಭಾಷೆ, ಮಲಯಾಳಗಳು ಕೂಡಿ ಬಾಳುತ್ತವೆ. ನೆರೆಯವನ ನುಡಿಯನ್ನು ಬಲ್ಲವನು ತನ್ನ ಮನೆಮಾತನ್ನು ಬಿಟ್ಟಿರುವುದಿಲ್ಲ. ಎರಡೂ ಒಂದೇ ಎಂದೂ ಹೇಳುವುದಿಲ್ಲ. ಧರ್ಮಗಳ ನಡುವಣ ತಿಳಿವಳಿಕೆಗೂ ಇದಕ್ಕಿಂತ ಬೇರೆ ಮಾದರಿ ಬೇಕಿಲ್ಲ.

ಉತ್ತಂಗಿಯವರು ತುಳಿದ ಹಾದಿ ಅವರೊಂದಿಗೆ ಮುಗಿಯಲಿಲ್ಲ. ಕಾರ್ಕಳದಲ್ಲಿ 1920ರಲ್ಲಿ ಜನಿಸಿ, ಮಂಗಳೂರಿನ ಅದೇ ಸೆಮಿನರಿಯ ಪ್ರಾಂಶುಪಾಲರಾಗಿದ್ದ ಸ್ಟ್ಯಾನ್ಲಿ ಸಮರ್ಥರು, 1971ರಿಂದ ಜಿನೀವಾದ ವಿಶ್ವ ಸಭಾಮಂಡಲಿಯ ಸರ್ವಧರ್ಮ ಸಂವಾದ ವಿಭಾಗವನ್ನು ನಡೆಸಿದರು. ಅನ್ಯಧರ್ಮೀಯನನ್ನು ಬೋಧನೆಯ ಗುರಿಯಾಗಿ ಕಾಣದೆ ಸಂವಾದದ ಸಂಗಾತಿಯಾಗಿ ಕಾಣಬೇಕೆಂಬ ವಿಚಾರಕ್ಕೆ ಅಲ್ಲಿ ಜಾಗತಿಕ ವೇದಿಕೆ ದೊರೆಯಿತು.

ಉತ್ತಂಗಿಯವರನ್ನು ಶರಣರ ಗಣಕ್ಕೆ ಸೇರಿಸಿಕೊಂಡ ಮಾತ್ರಕ್ಕೆ ವೀರಶೈವ ಸಮಾಜದ ಋಣ ತೀರದು. ಹಾಗೆ ಸೇರಿಸಿಕೊಳ್ಳುವುದು ಪ್ರೀತಿಯ ಕುರುಹಾದರೂ, ಅವರನ್ನು ಅವರ ದೇವರಿಂದ ಕದ್ದಂತೆ. ಕ್ರೈಸ್ತರೊಬ್ಬರು ಓಲೆಗರಿಗಳ ಮುಂದೆ ಕುಳಿತು ಶರಣರ ಮಾತನ್ನು ಶ್ರದ್ಧೆಯಿಂದ ಬಿಡಿಸಿ ಓದಿದರು. ಬರ್ನಾರ್ಡರನ್ನೂ ಎಕ್‌ಹಾರ್ಟರನ್ನೂ ಯೋಹಾನನ ಸುವಾರ್ತೆಯನ್ನೂ ಅಷ್ಟೇ ಶ್ರದ್ಧೆಯಿಂದ, ಲಿಂಗನಿಷ್ಠೆಯನ್ನು ಬಿಡದೆ, ಓದಬಲ್ಲ ಶರಣಸಾಹಿತ್ಯದ ವಿದ್ಯಾರ್ಥಿಗಳು ಎಷ್ಟು ಮಂದಿ? ಅನುಭವ ಮಂಟಪದ ಬಾಗಿಲು ಹೊರಗಿನಿಂದ ಒಳಬರುವವರಿಗಾಗಿ ತೆರೆದಿತ್ತೆಂಬುದು ಎಲ್ಲರ ಹೆಮ್ಮೆ. ಅದೇ ಬಾಗಿಲಿನಿಂದ ಹೊರಗೆ ನೋಡುವ ಕಾಯಕ ಇನ್ನೂ ಉಳಿದಿದೆ.